ಪ್ಯಾರಿಸ್, ಆಗಸ್ಟ್ 2003: ಆರದ ರಾತ್ರಿಗಳು, ಒಂಟಿ ಹಿರಿಯರು

2003ರ ಸೆಪ್ಟೆಂಬರ್ 3. ಪ್ಯಾರಿಸ್ ಅಂಚಿನ ತಿಯೆ ಸ್ಮಶಾನದಲ್ಲಿ 57 ಶವಗಳನ್ನು ಮಣ್ಣು ಮಾಡಿದರು. ಆಗಸ್ಟ್‌ನ ಬೇಗೆಯಲ್ಲಿ ಸತ್ತವರು. ಎಷ್ಟು ದಿನ ಕಾದರೂ ‘ಇವರು ನಮ್ಮವರು’ ಎಂದು ಯಾರೂ ಬಂದಿರಲಿಲ್ಲ. ದೇಶದ ಅಧ್ಯಕ್ಷ ಜಾಕ್ ಶಿರಾಕ್ ಬಂದು ನಿಂತರು. ಮೇಯರ್ ಬರ್ತ್ರಾಂ ದೆಲಾನೊಯೆ ಬಂದರು. ಹಿಡಿ ಮಣ್ಣು ಹಾಕಬೇಕಾದ ಮನೆಮಂದಿ ಮಾತ್ರ ಇರಲಿಲ್ಲ.

ಇದು ವೈದ್ಯರೇ ಸಿಗದ ಊರಿನ ಕಥೆಯಲ್ಲ. ಮೂರೇ ವರ್ಷ ಹಿಂದೆ, 2000ದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ದೇಶಗಳ ಆರೋಗ್ಯ ವ್ಯವಸ್ಥೆಯನ್ನು ಅಳೆದು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಫ್ರಾನ್ಸಿಗೇ. ಪ್ಯಾರಿಸ್‌ನಲ್ಲಿ ದೊಡ್ಡ ಆಸ್ಪತ್ರೆಗಳಿದ್ದವು, ಆಂಬುಲೆನ್ಸ್ ಇದ್ದವು, ಪರಿಣತ ವೈದ್ಯರಿದ್ದರು. ಆದರೂ ಎರಡೇ ವಾರದಲ್ಲಿ ಆ ನಗರದ ಹಿರಿಯರು ಸಾಲುಸಾಲಾಗಿ ಸತ್ತರು. ಈ ಪ್ರಕರಣವನ್ನು ಬಿಸಿಲಿನ ಕಥೆ ಎಂದು ಓದಿ ಮುಗಿಸುವವರೇ ಜಾಸ್ತಿ. ನನಗೆ ಹಾಗೆ ಕಾಣುವುದಿಲ್ಲ. ಬಿಸಿಲು ಇಡೀ ದೇಶದ ಮೇಲೆ ಬಿತ್ತು. ಪ್ಯಾರಿಸ್‌ನಲ್ಲಿ ಅದು ಇಷ್ಟು ಜನರನ್ನು ಕೊಲ್ಲುವಂತೆ ಮಾಡಿದ್ದು ನಗರ ಬೆಳೆದ ರೀತಿ.

ಆಗಿದ್ದೇನು

ಆಗಸ್ಟ್ ಮೊದಲ ವಾರದಲ್ಲೇ ಸೆಕೆ ಏರಿತು. ಪ್ಯಾರಿಸ್‌ನಲ್ಲಿ ಒಂದರ ಹಿಂದೆ ಒಂದರಂತೆ ಒಂಬತ್ತು ದಿನ ಉಷ್ಣತೆ 35 ಡಿಗ್ರಿ ದಾಟಿತು. 12ರಂದು 39.5 ಡಿಗ್ರಿ. ಎಲ್ಲರೂ ಈ ಅಂಕಿಯನ್ನೇ ನೆನಪಿಟ್ಟುಕೊಂಡರು. ನಾನು ಓದುಗರಿಗೆ ತೋರಿಸಬೇಕೆಂದಿರುವ ಅಂಕಿ ಬೇರೆ. 11 ಮತ್ತು 12ರ ರಾತ್ರಿಗಳಲ್ಲಿ, ಬೆಳಗಿನ ಜಾವದ ಅತಿ ತಂಪಾದ ಗಳಿಗೆಯಲ್ಲೂ ಉಷ್ಣತೆ 25.5 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಅದೂ ಪಾರ್ಕಿನಲ್ಲಿರುವ ಹವಾಮಾನ ಕೇಂದ್ರದ ಅಳತೆ. ಗೋಡೆಗಳ ಒಳಗೆ, ಸೂರಿನ ಕೆಳಗೆ ಎಷ್ಟಿತ್ತೆಂದು ಊಹಿಸಿಕೊಳ್ಳಿ.

ದೇಶದ ಒಟ್ಟು ಲೆಕ್ಕದಲ್ಲಿ ಆಗಸ್ಟ್ 4ರಂದು ವಾಡಿಕೆಗಿಂತ ಸುಮಾರು 300 ಸಾವು ಹೆಚ್ಚಾಗಿತ್ತು. 12ರಂದು ಒಂದೇ ದಿನ ಸುಮಾರು 2,200 ಹೆಚ್ಚು. ತಿಂಗಳ ಮೊದಲ 20 ದಿನಗಳಲ್ಲಿ ಸುಮಾರು 15,000. ಬಹುಪಾಲು 75 ದಾಟಿದವರು. ಅದೇ ವಯಸ್ಸಿನ ಗಂಡಸರಿಗಿಂತ ಹೆಂಗಸರಿಗೆ ಹೊಡೆತ ಜೋರಾಗಿತ್ತು. ಶವಾಗಾರಗಳಲ್ಲಿ ಜಾಗ ಸಾಲದೆ, ಪ್ಯಾರಿಸ್ ಪಕ್ಕದ ರುಂಜಿಸ್ ಸಗಟು ಮಾರುಕಟ್ಟೆಯ ಶೀತಲ ಗೋದಾಮನ್ನೇ ಶವ ಇಡಲು ಬಳಸಬೇಕಾಯಿತು.

ಈಗ ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ನಿಗಾ ಸಂಸ್ಥೆ 13 ನಗರಗಳ ಲೆಕ್ಕ ತೆಗೆಯಿತು. ಪ್ಯಾರಿಸ್‌ನಲ್ಲಿ ಸಾವು ವಾಡಿಕೆಗಿಂತ 142% ಏರಿತ್ತು. ಲಿಯೋಂನಲ್ಲಿ 80%. ದಕ್ಷಿಣದ, ಸದಾ ಬಿಸಿಲಿನ ಮಾರ್ಸೇಯಲ್ಲಿ 25% ಮಾತ್ರ. ಮಾರ್ಸೇಯವರಿಗೆ ಬಿಸಿಲು ಅಭ್ಯಾಸ ಎನ್ನುವುದು ಒಂದು ಕಾರಣ. 1983ರಲ್ಲಿ ಇಂಥದ್ದೇ ಹೊಡೆತ ತಿಂದು, ಆಮೇಲೆ ಅವರು ಜನರನ್ನು ಎಚ್ಚರಿಸುವ ಕೆಲಸ ಶುರು ಮಾಡಿದ್ದು ಇನ್ನೊಂದು ಕಾರಣ. ಪ್ಯಾರಿಸ್‌ಗೆ ಇವೆರಡೂ ಇರಲಿಲ್ಲ. ಜೊತೆಗೆ ಅದರ ಮೈಕಟ್ಟೇ ಬೇರೆಯಾಗಿತ್ತು.

ಕಾವನ್ನು ಕೂಡಿಡುವ ನಗರ

ಇವತ್ತು ನಾವು ನೋಡುವ ಪ್ಯಾರಿಸ್ ಬಹುಮಟ್ಟಿಗೆ ಹತ್ತೊಂಬತ್ತನೇ ಶತಮಾನದ್ದು. 1853ರಿಂದ 1870ರವರೆಗೆ ಓಸ್ಮಾನ್ ಎಂಬ ಅಧಿಕಾರಿಯ ಕೈಕೆಳಗೆ ಹಳೆಯ ಓಣಿಗಳನ್ನು ಕೆಡವಿ ಅಗಲ ರಸ್ತೆ ಮಾಡಿದರು. ರಸ್ತೆಯುದ್ದಕ್ಕೂ ಕಲ್ಲಿನ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ಎದ್ದವು. 1860ರಲ್ಲಿ ಸುತ್ತಲಿನ ಊರುಗಳನ್ನು ಒಳಗೆ ಸೇರಿಸಿಕೊಂಡರು. ಮುಂದಿನ ಶತಮಾನದಲ್ಲಿ ಡಾಂಬರು, ಕಾರು, ಕಾಂಕ್ರೀಟು ಬಂದವು. 1973ರ ಹೊತ್ತಿಗೆ ನಗರವನ್ನು ಸುತ್ತುವ 35 ಕಿಲೋಮೀಟರಿನ ವರ್ತುಲ ರಸ್ತೆ ಮುಗಿಯಿತು. ಇವತ್ತು ಅಲ್ಲಿ ಚದರ ಕಿಲೋಮೀಟರಿಗೆ ಸರಾಸರಿ 20,000ದಷ್ಟು ಜನ.

ಇಷ್ಟು ಕಲ್ಲು, ಡಾಂಬರು ಒಂದೆಡೆ ಸೇರಿದರೆ ಏನಾಗುತ್ತದೆ? ಹಗಲಿಡೀ ಅವು ಬಿಸಿಲು ಕುಡಿಯುತ್ತವೆ. ಬಯಲಿನಲ್ಲಿ ಹಗಲು ಗಿಡಮರದಿಂದ ನೀರಾವಿ ಹೊರಟು ಗಾಳಿ ತಂಪಾಗುತ್ತದೆ, ಹೊತ್ತು ಮುಳುಗಿದ ಮೇಲೆ ನೆಲ ಬೇಗ ಆರುತ್ತದೆ. ನಗರದಲ್ಲಿ ಹೀಗಾಗುವುದಿಲ್ಲ. ಗೋಡೆ ಕುಡಿದ ಕಾವನ್ನು ರಾತ್ರಿಯಿಡೀ ನಿಧಾನವಾಗಿ ಹೊರಗೆ ಬಿಡುತ್ತದೆ. ಎದುರುಬದುರು ನಿಂತ ಕಟ್ಟಡಗಳು ಒಂದರ ಬಿಸಿಯನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಆ ಆಗಸ್ಟ್‌ನ ಕೆಲವು ರಾತ್ರಿ ಪ್ಯಾರಿಸ್ ನಡುಭಾಗ ಸುತ್ತಲಿನ ಹಳ್ಳಿಗಾಡಿಗಿಂತ 8 ಡಿಗ್ರಿಯಷ್ಟು ಬಿಸಿಯಾಗಿತ್ತು. ನಗರದ ಮೇಲೆ ಕಾವಿನದೊಂದು ನಡುಗಡ್ಡೆ ಕೂತಿತ್ತು ಅನ್ನಿ.

ಇನ್ನು ಚಾವಣಿ. ಪ್ಯಾರಿಸ್‌ನ ಆ ಚೆಂದದ ಬೂದು ಬಣ್ಣದ ಮಾಡುಗಳು ಸತುವಿನ ತಗಡಿನವು. ತೆಳು, ಹಗುರ, ಬಾಗಿಸಲು ಸುಲಭ. ಆ ತಗಡಿನ ಕೆಳಗೇ, ಆರನೆಯದೋ ಏಳನೆಯದೋ ಅಂತಸ್ತಿನಲ್ಲಿ, ಹಿಂದೆ ಮನೆಗೆಲಸದವರಿಗೆಂದು ಕಟ್ಟಿದ ಪುಟ್ಟ ಕೋಣೆಗಳಿವೆ. ಕಾಲ ಬದಲಾದಂತೆ ಅವು ಬಾಡಿಗೆ ಕೋಣೆಗಳಾದವು. ಕಡಿಮೆ ಬಾಡಿಗೆ ಹುಡುಕಿಕೊಂಡು ವಿದ್ಯಾರ್ಥಿಗಳು ಬಂದರು, ವಲಸಿಗರು ಬಂದರು. ಬಂದವರಲ್ಲಿ ಕೆಲವರು ಅಲ್ಲೇ ಮುದುಕರಾದರು.

ಅಂಥ ಕೋಣೆಯೊಳಗೆ ಒಂದು ಕ್ಷಣ ನಿಂತು ನೋಡೋಣ. ಒಂದು ಮಂಚ, ಒಂದು ಮೇಜು ಹಿಡಿಸುವಷ್ಟೇ ಜಾಗ. ಒಂದು ಕಡೆ ಚಾವಣಿ ಓರೆಯಾಗಿ ತಲೆಗೆ ತಾಗುವಷ್ಟು ಇಳಿದಿದೆ. ಕಿಟಕಿ ಒಂದೇ, ಅದೂ ಆಕಾಶಕ್ಕೆ ತೆರೆದಿದೆ. ಎದುರು ಗೋಡೆಗೆ ಇನ್ನೊಂದು ಕಿಟಕಿ ಇಲ್ಲದ ಕಾರಣ ಗಾಳಿ ಆಡುವುದಿಲ್ಲ. ಕಕ್ಕಸು ಎಷ್ಟೋ ಕಡೆ ಹೊರಗಿನ ಪಡಸಾಲೆಯಲ್ಲಿ, ನಾಲ್ಕಾರು ಕೋಣೆಗೆ ಸೇರಿ ಒಂದು. ಇಳಿಯಲು ಹಿಂಬದಿಯ ಇಕ್ಕಟ್ಟಾದ ಮೆಟ್ಟಿಲು. ಲಿಫ್ಟ್ ಇದ್ದರೂ ಅದು ಮುಂದಿನ ದೊಡ್ಡ ಮನೆಗಳ ಕಡೆಗಿರುತ್ತದೆ. ಮಧ್ಯಾಹ್ನ ತಗಡು ಕಾವಲಿಯಂತೆ ಕಾಯುತ್ತದೆ. ರಾತ್ರಿ ಹಾಸಿಗೆಯ ಮೇಲೆ ಮಲಗಿದವರ ಮುಖಕ್ಕೆ ಮೇಲಿನಿಂದ ಆ ಕಾವು ಇಳಿಯುತ್ತಿರುತ್ತದೆ. ಇಪ್ಪತ್ತರ ಹರೆಯದವರು ತಲೆದಿಂಬು ಎತ್ತಿಕೊಂಡು ನದಿ ದಂಡೆಗೆ ಹೋಗಿ ಮಲಗಬಹುದು. ಮಂಡಿ ನೋವಿನ 82ರ ಅಜ್ಜಿ ಏನು ಮಾಡಬೇಕು?

ವಯಸ್ಸಾದ ಮೈಗೆ ರಾತ್ರಿ ಏಕೆ ಬೇಕು

ಮೈ ಬಿಸಿಯಾದಾಗ ಎರಡು ಕೆಲಸ ನಡೆಯಬೇಕು. ಚರ್ಮಕ್ಕೆ ಜಾಸ್ತಿ ರಕ್ತ ಹರಿಯಬೇಕು, ಬೆವರು ಬರಬೇಕು. ವಯಸ್ಸಾದಂತೆ ಬೆವರು ಕಡಿಮೆಯಾಗುತ್ತದೆ, ತಡವಾಗಿಯೂ ಬರುತ್ತದೆ. ಚರ್ಮಕ್ಕೆ ರಕ್ತ ತಳ್ಳಲು ಹೃದಯ ಹೆಚ್ಚು ದುಡಿಯಬೇಕು. ಮೊದಲೇ ದಣಿದ ಹೃದಯಕ್ಕೆ ಅದು ಭಾರ. ಮೈಯಲ್ಲಿ ನೀರು ಕಡಿಮೆಯಾದರೂ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ‘ಬೇಡ, ದಾಹ ಇಲ್ಲ’ ಅನ್ನುತ್ತಾರಲ್ಲ, ಅದು ಹಟವಲ್ಲ. ಅವರಿಗೆ ನಿಜವಾಗಿಯೂ ದಾಹ ಅನ್ನಿಸುತ್ತಿರುವುದಿಲ್ಲ. ನೀರು ಕಡಿಮೆಯಾದಂತೆ ರಕ್ತ ಗಟ್ಟಿಯಾಗುತ್ತದೆ, ಮೂತ್ರಪಿಂಡ ಸೋಲುತ್ತದೆ.

ಮಾತ್ರೆಗಳ ಪಾತ್ರವೂ ಇದೆ. ಬಿಪಿಗೆಂದೋ ಕಾಲು ಬಾವಿಗೆಂದೋ ಕೊಡುವ, ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಮೈಯ ನೀರನ್ನು ಇನ್ನಷ್ಟು ಇಳಿಸುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಬೆವರನ್ನೇ ತಡೆಯುತ್ತವೆ. ಹಾಗಂತ ಅವನ್ನು ತಾವೇ ನಿಲ್ಲಿಸುವುದು ಅಪಾಯ. ಬೇಸಿಗೆ ಬರುವ ಮುಂಚೆ ವೈದ್ಯರ ಹತ್ತಿರ ಕೂತು ಪ್ರಮಾಣ ನೋಡಿಸಿಕೊಳ್ಳಬೇಕಾದ ವಿಷಯ ಇದು.

ಹಗಲಿಡೀ ಹೀಗೆ ಏಗಿದ ಮೈಗೆ ರಾತ್ರಿ ನಾಲ್ಕು ತಾಸಾದರೂ ತಂಪು ಸಿಕ್ಕರೆ ಸುಧಾರಿಸಿಕೊಳ್ಳುತ್ತದೆ. ಸಿಗದಿದ್ದರೆ ನಿನ್ನೆಯ ದಣಿವಿನ ಮೇಲೆ ಇವತ್ತಿನದು ಬೀಳುತ್ತದೆ. ಮೂರನೇ ದಿನ, ನಾಲ್ಕನೇ ದಿನ ಹೃದಯ ಕೈಚೆಲ್ಲುತ್ತದೆ. ಇಲ್ಲವೇ ಮೈಯ ಒಳ ಉಷ್ಣತೆ 40 ಡಿಗ್ರಿ ದಾಟಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಅದರ ಮೊದಲ ಸೂಚನೆಗಳಲ್ಲಿ ಒಂದು, ಬುದ್ಧಿ ಮಂಕಾಗುವುದು. ಎಲ್ಲಿದ್ದೇನೆ, ಏನಾಗುತ್ತಿದೆ ಎಂದು ತಿಳಿಯದಂತಾಗುವುದು. ಯಾರನ್ನಾದರೂ ಕೂಗಬೇಕಾದ ಆ ಹೊತ್ತಿನಲ್ಲೇ ಕೂಗಬೇಕೆಂಬುದು ಹೊಳೆಯುವುದಿಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದರೆ ಕಣ್ಣಿಗೆ ಬೀಳುತ್ತದೆ. ಒಬ್ಬರೇ ಇದ್ದರೆ ಅಲ್ಲಿಗೆ ಮುಗಿಯಿತು.

ಇದು ಬರೀ ನನ್ನ ತರ್ಕವಲ್ಲ, ಅಳೆದು ನೋಡಿದ್ದಾರೆ. ಪ್ಯಾರಿಸ್ ಮತ್ತು ಪಕ್ಕದ ವಾಲ್-ದ-ಮಾರ್ನ್‌ನಲ್ಲಿ ಆ ಆಗಸ್ಟ್‌ನಲ್ಲಿ ಸತ್ತ, 65 ದಾಟಿದ 241 ಜನರನ್ನು ಬದುಕುಳಿದ 241 ಜನರ ಜೊತೆ ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಉಪಗ್ರಹ ತೆಗೆದ ಕಾವಿನ ಚಿತ್ರಗಳಿಂದ ಪ್ರತಿಯೊಬ್ಬರ ಮನೆಯ ಸುತ್ತ ಎಷ್ಟು ಬಿಸಿ ಇತ್ತೆಂದು ಲೆಕ್ಕ ಹಾಕಿದರು. ಸಾವಿಗೂ ರಾತ್ರಿಯ ಕನಿಷ್ಠ ಉಷ್ಣತೆಗೂ ನಂಟು ಕಂಡಿತು. ಮನೆಯ ಸುತ್ತಲಿನ ರಾತ್ರಿ ಬರೀ ಅರ್ಧ ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸಾಯುವ ಸಂಭವ ಸುಮಾರು ಎರಡು ಪಟ್ಟು. ಅರ್ಧ ಡಿಗ್ರಿ ಅಂದರೆ ಒಂದೇ ನಗರದೊಳಗೆ ಮರಗಳಿರುವ ಬೀದಿಗೂ ಬೋಳು ಬೀದಿಗೂ ಇರಬಹುದಾದ ವ್ಯತ್ಯಾಸ, ಅಷ್ಟೇ.

ಅದಕ್ಕೂ ಮುಂಚೆ, 2006ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆ ಮನೆಯೊಳಗಿನ ಚಿತ್ರ ಕೊಟ್ಟಿತ್ತು. ಅಪಾಯ ಹೆಚ್ಚಿದ್ದು ಯಾರಿಗೆ? ಮಾಡಿನ ಕೆಳಗಿನ ಕೊನೆಯ ಅಂತಸ್ತಿನಲ್ಲಿ ಮಲಗುತ್ತಿದ್ದವರಿಗೆ. ಕಾವು ತಡೆಯುವ ಪದರ ಇಲ್ಲದ ಹಳೆಯ ಕಟ್ಟಡದವರಿಗೆ. ಎದ್ದು ಓಡಾಡಲಾಗದವರಿಗೆ. ಹೃದಯದ, ನರದ, ಮನಸ್ಸಿನ ಕಾಯಿಲೆ ಮೊದಲೇ ಇದ್ದವರಿಗೆ. ಯಾವುದು ಕಾಪಾಡಿತು? ತೆಳು ಬಟ್ಟೆ, ಮೈ ಒದ್ದೆ ಮಾಡಿಕೊಳ್ಳುವುದು, ದಿನಕ್ಕೊಮ್ಮೆಯಾದರೂ ತಂಪು ಜಾಗಕ್ಕೆ ಹೋಗಿ ಬರುವುದು. ಇಷ್ಟು ಸಣ್ಣ ಸಂಗತಿಗಳು ಜೀವ ಉಳಿಸಿದವು ಅನ್ನುವುದೇ ನನ್ನನ್ನು ಜಾಸ್ತಿ ಕಾಡುವ ಮಾತು.

ಮೆಟ್ಟಿಲು

ತಂಪು ಜಾಗಕ್ಕೆ ಹೋಗಿ ಬರಲು ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಈ ಪ್ರಕರಣದಲ್ಲಿ ನಗರದ ಬೆಳವಣಿಗೆ ಹಿರಿಯರನ್ನು ತಟ್ಟಿದ್ದು ಬರೀ ಕಲ್ಲು–ತಗಡಿನ ಮೂಲಕ ಅಲ್ಲ. ಎತ್ತರಕ್ಕೆ ಬೆಳೆದ ಮನೆಯಲ್ಲಿ ಕಾಲು ಸೋತರೆ, ಹೊರಗೆ ಹೋಗುವುದು ವಾರಕ್ಕೊಮ್ಮೆ ಆಗುತ್ತದೆ, ಆಮೇಲೆ ತಿಂಗಳಿಗೊಮ್ಮೆ. ಹೊರಗೆ ಹೋಗದ ಕಾಲು ಇನ್ನಷ್ಟು ಸೊರಗುತ್ತದೆ. ಅಂಗಡಿಯವರಿಗೆ ಮುಖ ಮರೆಯುತ್ತದೆ. ಪಕ್ಕದ ಕೋಣೆಗೆ ಹೊಸಬರು ಬರುತ್ತಾರೆ, ಹೋಗುತ್ತಾರೆ. ಗೋಡೆ ಒಂದೇ ಆದರೂ ಹೆಸರು ಗೊತ್ತಿರುವುದಿಲ್ಲ. ನಗರ ದೊಡ್ಡದಾದಷ್ಟೂ ಮಕ್ಕಳ ಮನೆ ದೂರವಾಗುತ್ತದೆ, ಬಾಡಿಗೆ ಕಡಿಮೆ ಇರುವ ಹೊರವಲಯಕ್ಕೋ ಬೇರೆ ಊರಿಗೋ.

ಆಗಸ್ಟ್ ಅಲ್ಲಿ ರಜೆಯ ತಿಂಗಳು ಬೇರೆ. ಮನೆಮಂದಿ ಊರು ಬಿಟ್ಟಿದ್ದರು. ಎಷ್ಟೋ ಕ್ಲಿನಿಕ್‌ಗಳು ಬಾಗಿಲು ಹಾಕಿದ್ದವು. ಆಸ್ಪತ್ರೆಗಳಲ್ಲಿ ಹಾಸಿಗೆ, ಸಿಬ್ಬಂದಿ ಕಡಿಮೆ ಇತ್ತು. ಸತ್ತವರ ಮಕ್ಕಳೆಲ್ಲ ಕಲ್ಲು ಮನಸ್ಸಿನವರು ಎಂದು ಆಮೇಲೆ ಬೈದವರುಂಟು. ಆ ಬೈಗುಳ ನ್ಯಾಯವಲ್ಲ ಅನ್ನಿಸುತ್ತದೆ ನನಗೆ. ದೇಶದ ಲೆಕ್ಕದಲ್ಲಿ ಒಂಟಿ ಮನೆಯಲ್ಲಿ ಸತ್ತವರ ಜೊತೆಗೆ ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಸತ್ತವರೂ ತುಂಬಾ ಇದ್ದರು. ಸುತ್ತ ಜನರಿದ್ದ ಜಾಗದಲ್ಲೂ ತಣ್ಣಗಿನ ಒಂದು ಕೋಣೆ ಇರಲಿಲ್ಲ. ತಪ್ಪನ್ನೆಲ್ಲ ಮನೆಮಂದಿಯ ತಲೆಗೆ ಕಟ್ಟಿದರೆ ಕಟ್ಟಡ ಕಟ್ಟಿದವರು, ನಗರ ನಡೆಸುವವರು ಸಲೀಸಾಗಿ ಪಾರಾಗುತ್ತಾರೆ, ಅಲ್ವಾ?

ಯಾಕೆ ತಡವಾಯಿತು

ಈ ಸಾವುಗಳು ಕಣ್ಣಿಗೆ ಕಾಣುವಂಥವಲ್ಲ. ಒಂದು ಮನೆಯಲ್ಲಿ ಒಬ್ಬರು. ಇನ್ನೊಂದು ಬೀದಿಯಲ್ಲಿ ಒಬ್ಬರು. ಕಾರಣದ ಜಾಗದಲ್ಲಿ ‘ಹೃದಯಾಘಾತ’ ಎಂದು ಬರೆದರೆ ಅದು ಸುಳ್ಳೂ ಅಲ್ಲ. ಹೀಗೆ ಚದುರಿದ ಸಾವನ್ನು ಒಟ್ಟು ಹಾಕಿ ನೋಡುವ ವ್ಯವಸ್ಥೆ ಆಗ ಇರಲಿಲ್ಲ. ಮೊದಲು ಗೊತ್ತಾಗಿದ್ದು ತುರ್ತು ಚಿಕಿತ್ಸಾ ವಿಭಾಗದವರಿಗೆ ಮತ್ತು ಅಂತ್ಯಕ್ರಿಯೆ ನಡೆಸುವವರಿಗೆ. ಆಗಸ್ಟ್ 10ರಂದು ತುರ್ತು ವೈದ್ಯರ ಸಂಘದ ಪಾತ್ರಿಕ್ ಪೆಲು ಟಿವಿಯಲ್ಲಿ ಬಾಯಿಬಿಟ್ಟು ಹೇಳಿದರು. ಮರುದಿನ ಆರೋಗ್ಯ ಮಂತ್ರಿ ರಜೆಯ ಮನೆಯಿಂದಲೇ ಟಿವಿಗೆ ಸಂದರ್ಶನ ಕೊಟ್ಟರು. ಆಸ್ಪತ್ರೆಗಳಿಗೆ ತುರ್ತು ಯೋಜನೆ ಜಾರಿಯಾಗುವ ಹೊತ್ತಿಗೆ 13ನೇ ತಾರೀಕು. ಸೆಕೆ ಆಗಲೇ ಇಳಿಯತೊಡಗಿತ್ತು. 18ರಂದು ಆರೋಗ್ಯ ಇಲಾಖೆಯ ಮಹಾನಿರ್ದೇಶಕ ಲೂಸಿಯಾಂ ಅಬೆನಾಯಿಂ ರಾಜೀನಾಮೆ ಕೊಟ್ಟರು.

ಆಗ ಕೆಲವರು ಇನ್ನೊಂದು ಮಾತು ಆಡಿದರು: ಹೇಗೂ ಹೋಗುವವರೇ ಆಗಿದ್ದರು, ಕೆಲವು ವಾರ ಮುಂಚೆ ಹೋದರು ಅಷ್ಟೇ. ಹಾಗಿದ್ದರೆ ಮುಂದಿನ ತಿಂಗಳುಗಳಲ್ಲಿ ಸಾವಿನ ಲೆಕ್ಕ ಅಷ್ಟೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಹಾಗೆ ಇಳಿಯಲಿಲ್ಲ. ಅವರಲ್ಲಿ ಬಹಳಷ್ಟು ಜನರ ಮುಂದೆ ಇನ್ನೂ ವರ್ಷಗಳಿದ್ದವು. ಹಿರಿಯರ ಸಾವನ್ನು ಇಷ್ಟು ಹಗುರವಾಗಿ ತೂಗುವ ಮಾತು ಎಲ್ಲೇ ಕಿವಿಗೆ ಬಿದ್ದರೂ ಈ ಲೆಕ್ಕವನ್ನು ಮುಂದಿಡಬೇಕು.

ಆಮೇಲೆ ಬದಲಾದದ್ದು

ಮರುವರ್ಷವೇ ಫ್ರಾನ್ಸ್ ಬೇಗೆಗೆಂದು ರಾಷ್ಟ್ರೀಯ ಯೋಜನೆ ಮಾಡಿತು. ಅದರಲ್ಲಿ ನನಗೆ ತುಂಬಾ ಮೆಚ್ಚಿಗೆಯಾದದ್ದು ಎಚ್ಚರಿಕೆ ಕೊಡುವ ಅಳತೆಗೋಲು. ಹಗಲಿನ ಬಿಸಿ ಒಂದನ್ನೇ ನೋಡುವುದಿಲ್ಲ. ಮೂರು ದಿನದ ಸರಾಸರಿ ತೆಗೆದು, ಹಗಲು ಮತ್ತು ರಾತ್ರಿ ಎರಡನ್ನೂ ನೋಡುತ್ತಾರೆ. ಪ್ಯಾರಿಸ್‌ಗೆ ಇಟ್ಟ ಮಿತಿ ಹಗಲು 31, ರಾತ್ರಿ 21 ಡಿಗ್ರಿ. ರಾತ್ರಿ ಎಷ್ಟು ಮುಖ್ಯ ಎನ್ನುವುದು ಹೀಗೆ ಸರ್ಕಾರದ ಲೆಕ್ಕದೊಳಗೆ ಬಂತು. 2004ರ ಜೂನ್ 30ರ ಕಾನೂನು ಹಿರಿಯರ, ಅಂಗವಿಕಲರ ಆರೈಕೆಗೆ ಹಣ ಹೊಂದಿಸಿತು. ಅದಕ್ಕಾಗಿ ದುಡಿಯುವವರು ವರ್ಷಕ್ಕೊಂದು ದಿನ ಹೆಚ್ಚುವರಿ ಸಂಬಳವಿಲ್ಲದೆ ಕೆಲಸ ಮಾಡಬೇಕಾಯಿತು. ವೃದ್ಧಾಶ್ರಮಗಳಲ್ಲಿ ಒಂದಾದರೂ ತಂಪು ಕೋಣೆ ಕಡ್ಡಾಯವಾಯಿತು. ಇಡೀ ಕಟ್ಟಡಕ್ಕೆ ಎಸಿ ಹಾಕುವುದಕ್ಕಿಂತ ಇದು ಜಾಣತನದ ದಾರಿ. ಎಸಿ ಒಳಗಿನ ಬಿಸಿಯನ್ನು ಬೀದಿಗೆ ಚೆಲ್ಲುತ್ತದೆ, ಆ ಬೀದಿಯಲ್ಲೇ ಎಸಿ ಇಲ್ಲದವರ ಕಿಟಕಿಯೂ ಇರುತ್ತದೆ. ಮೈಗೆ ಬೇಕಾದದ್ದು ದಿನಕ್ಕೆ ಕೆಲವು ತಾಸಿನ ತಂಪು. ಅದನ್ನು ಒಂದು ಕೋಣೆಯೂ ಕೊಡಬಲ್ಲದು.

2006ರ ಜುಲೈನಲ್ಲಿ ಮತ್ತೆ ದೊಡ್ಡ ಬೇಗೆ ಬಂತು. ಹಿಂದಿನ ಅನುಭವದ ಲೆಕ್ಕದಂತೆ ಸುಮಾರು 6,400 ಹೆಚ್ಚುವರಿ ಸಾವು ಆಗಬೇಕಿತ್ತು. ಆದದ್ದು ಸುಮಾರು 2,000. ಅದೂ ಸಣ್ಣ ಸಂಖ್ಯೆಯಲ್ಲ. ಆದರೆ ಉಳಿದ ನಾಲ್ಕು ಸಾವಿರ ಜನ ತಮ್ಮ ಮನೆಯಲ್ಲಿ ಎಂದಿನಂತೆ ಮುಂದಿನ ಬೆಳಗು ಕಂಡರು. 2019ರ ಜುಲೈ 25ರಂದು ಪ್ಯಾರಿಸ್ 42.6 ಡಿಗ್ರಿ ಮುಟ್ಟಿತು, 2003ಕ್ಕಿಂತ ಮೂರು ಡಿಗ್ರಿ ಜಾಸ್ತಿ. ಆ ಬೇಸಿಗೆಯಿಡೀ ದೇಶದಲ್ಲಿ ಬೇಗೆಯಿಂದ ಆದ ಹೆಚ್ಚುವರಿ ಸಾವು ಸುಮಾರು 1,500. ಆ ಸಲದ ಬೇಗೆ ಕಡಿಮೆ ದಿನ ಇತ್ತು ಎನ್ನುವುದು ನಿಜ. ಆದರೂ ವ್ಯತ್ಯಾಸ ಸಣ್ಣದಲ್ಲ.

ನಗರದ ಮೈಯನ್ನು ಬದಲಿಸುವ ಕೆಲಸ ಮಾತ್ರ ನಿಧಾನ. 2018ರಿಂದ ಪ್ಯಾರಿಸ್ ಶಾಲೆಗಳ ಡಾಂಬರು ಅಂಗಳ ಅಗೆದು ಮಣ್ಣು ತುಂಬಿ, ಗಿಡ ನೆಡುತ್ತಿದೆ. ಪಾರ್ಕು, ಗ್ರಂಥಾಲಯ, ಚರ್ಚುಗಳಂಥ ತಂಪು ಜಾಗಗಳನ್ನು ಗುರುತಿಸಿ ನಕ್ಷೆ ಮಾಡಿದ್ದಾರೆ. ಸತುವಿನ ಮಾಡು ಹಾಗೇ ಇವೆ. 2024ರಲ್ಲಿ ಆ ಮಾಡು ಹೊದಿಸುವವರ ಕಸುಬನ್ನು ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕುಶಲಿಗಳ ಬಗ್ಗೆ ಗೌರವ ಇದ್ದೇ ಇದೆ. ಆದರೆ ಮಾಡಿನ ಕೆಳಗೆ ಮಲಗುವವರಿಗೆ ಕಾವು ತಡೆಯುವ ಪದರವೂ ಬೇಕು. ಒಳಗಿನಿಂದ ಪದರ ಹಾಕಿದರೆ ಮೊದಲೇ ಕುಳ್ಳಗಿರುವ ಕೋಣೆ ಇನ್ನೂ ಕುಳ್ಳಗಾಗುತ್ತದೆ. ಹೊರಗಿನಿಂದ ಹಾಕಿದರೆ ನಗರದ ನೋಟ ಬದಲಾಗುತ್ತದೆ. ಈ ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ, ನಾನು ನೋಟವನ್ನು ಬಿಡುತ್ತೇನೆ.

ಮೆಟ್ಟಿಲಿನ ತೊಡಕಿಗೆ ಅವರು ಕಂಡುಕೊಂಡ ಉಪಾಯ ಒಂದು ಪಟ್ಟಿ. ಒಬ್ಬರೇ ಇರುವ ಹಿರಿಯರು ನಗರಸಭೆಯಲ್ಲಿ ಹೆಸರು ಬರೆಸಬಹುದು. ಮನೆಯವರು, ನೆರೆಯವರು, ವೈದ್ಯರು ಕೂಡ ನೆನಪಿಸಿ ಬರೆಸಬಹುದು. ಕಡ್ಡಾಯವಿಲ್ಲ, ಹಾಗಾಗಿ ಯಾರ ಜೊತೆಗೂ ಮಾತಿಲ್ಲದವರು ಪಟ್ಟಿಗೂ ಸಿಗದೆ ಹೋಗುತ್ತಾರೆ. ಇದು ದೊಡ್ಡ ಕೊರತೆ, ಇನ್ನೂ ತುಂಬಿಲ್ಲ. ಹೆಸರಿದ್ದವರಿಗೆ ಬೇಗೆಯ ಎಚ್ಚರಿಕೆ ಬಂದ ದಿನ ಫೋನ್ ಬರುತ್ತದೆ. ನೀರು ಕುಡಿದಿರಾ, ರಾತ್ರಿ ನಿದ್ದೆ ಬಂತಾ, ತಲೆ ಸುತ್ತುತ್ತಿದೆಯಾ ಎಂದು ವಿಚಾರಿಸುತ್ತಾರೆ. ಫೋನ್ ಎತ್ತದಿದ್ದರೆ ಯಾರಾದರೊಬ್ಬರು ಮನೆ ಹುಡುಕಿಕೊಂಡು ಬಂದು, ಆ ಮೆಟ್ಟಿಲು ಹತ್ತಿ, ಬಾಗಿಲು ತಟ್ಟುತ್ತಾರೆ.